ಬಿಸಿಲು ಬಂದ ಮೇಲೆ

ಹೋದ ವಾರ ಹಳೆಯ ವಿದ್ಯಾರ್ಥಿಯೊಬ್ಬ ಫೋನ್ ಮಾಡಿದ್ದ. ಹೈಸ್ಕೂಲಿನಲ್ಲಿ ನನ್ನ ಹತ್ತಿರ ವಿಜ್ಞಾನ ಓದಿದ ಹುಡುಗ, ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಮೇ ತಿಂಗಳಲ್ಲಿ ಗೆಳೆಯರ ಜೊತೆ ಹಿಮಾಲಯಕ್ಕೆ ಚಾರಣ ಹೋಗುತ್ತಿದ್ದಾನಂತೆ. "ಮೇಡಂ, ನೀವು ಹೋಗಿ ಬಂದಿದ್ದೀರಲ್ಲ, ಶೂ ಯಾವ್ದು ತಗೊಳ್ಳಲಿ?" ಎಂದು ಕೇಳಿದ. ಶೂ ಬಗ್ಗೆ ಹೇಳಿದೆ. ಕಾಲುಚೀಲ ಎಷ್ಟು ಜೊತೆ ಇರಬೇಕು, ಕನ್ನಡಕ ಎಂಥದ್ದು, ಕೈಗವಸು ಒದ್ದೆಯಾದರೆ ಏನು ಮಾಡಬೇಕು, ಎಲ್ಲ ಹೇಳಿದೆ. ಫೋನ್ ಇಟ್ಟ ಮೇಲೆ ಅಡುಗೆಮನೆಗೆ ಬಂದು ನಿಂತಾಗ ಹೊಳೆಯಿತು. ಎಲ್ಲಕ್ಕಿಂತ ಮೊದಲು ಹೇಳಬೇಕಾದ ಮಾತನ್ನೇ ಹೇಳಿರಲಿಲ್ಲ.

ಆ ಮಾತು ಬಿಸಿಲಿನದು.

ಅದಕ್ಕೂ ಮೊದಲು ಒಂದು ಪದದ ವಿಷಯ. 2016ರ ಫೆಬ್ರವರಿ ನೆನಪಿದೆಯಲ್ಲ? ಆ ತಿಂಗಳ 3ರಂದು ಸಿಯಾಚಿನ್‌ನಲ್ಲಿ 10 ಜನ ಸೈನಿಕರು ಹಿಮದಡಿ ಸಿಕ್ಕಿಬಿದ್ದರು. ಆರು ದಿನದ ಮೇಲೆ ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಜೀವಂತವಾಗಿ ಸಿಕ್ಕಿದರು. ಶಿವಮೊಗ್ಗದಲ್ಲೂ ದೇವಸ್ಥಾನಗಳಲ್ಲಿ ಪೂಜೆ ಮಾಡಿಸಿದವರಿದ್ದರು. 11ರಂದು ದೆಹಲಿಯ ಆಸ್ಪತ್ರೆಯಲ್ಲಿ ಅವರು ತೀರಿಕೊಂಡಾಗ ನಮ್ಮ ಸ್ಟಾಫ್ ರೂಮಿನಲ್ಲಿ ಯಾರೂ ಊಟದ ಡಬ್ಬಿ ತೆಗೆಯಲಿಲ್ಲ. ಅವತ್ತು ಒಬ್ಬರು ಮೇಷ್ಟ್ರು ಕೇಳಿದರು, "ಅಷ್ಟೊಂದು ಹಿಮ ಬೀಳೋವರೆಗೆ ಅವರು ಒಳಗೇ ಯಾಕೆ ಕೂತಿದ್ರು?" ನನ್ನ ಮನಸ್ಸಿನಲ್ಲೂ ಅದೇ ಪ್ರಶ್ನೆ ಇತ್ತು. ಪೇಪರಿನಲ್ಲಿ, ಟಿವಿಯಲ್ಲಿ 'ಹಿಮಪಾತ' ಅಂತ ಬರುತ್ತಿತ್ತು. ಆಕಾಶದಿಂದ ಹಿಮ ಬೀಳುವುದಕ್ಕೂ ನಾವು ಅದನ್ನೇ ಹೇಳುತ್ತೇವೆ, ಬಿದ್ದು ಕೂತ ಹಿಮ ಬೆಟ್ಟದ ಮೈಯಿಂದ ಕಳಚಿ ಜಾರಿ ಬರುವುದಕ್ಕೂ ಅದನ್ನೇ ಹೇಳುತ್ತೇವೆ. ಆ ಸೈನಿಕರ ಮೇಲೆ ಬಂದದ್ದು ಎರಡನೆಯದು. ಅದಕ್ಕೆ 'ಹಿಮಕುಸಿತ' ಎನ್ನುವ ಪದವೇ ಸರಿ. ಮಲೆನಾಡಿನವರಿಗೆ ಅದು ತಕ್ಷಣ ಅರ್ಥವಾಗುತ್ತದೆ, ಯಾಕೆಂದರೆ ಧರೆ ಕುಸಿತ ನಮಗೆ ಗೊತ್ತು.

ನಮ್ಮ ಮನೆ ಇರುವುದು ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವಾಗ ಒಳಗೆ ಸಿಗುವ ಒಂದು ಹಳ್ಳಿಯಲ್ಲಿ. ಗುಡ್ಡ ಕಡಿದು ಸಮ ಮಾಡಿ ಮನೆ ಕಟ್ಟಿದ್ದಾರೆ. ಮುಂದೆ ಅಂಗಳ, ಕೆಳಗೆ ಅಡಿಕೆ ತೋಟ, ಹಿಂದೆ ಎರಡಾಳೆತ್ತರದ ಧರೆ. ಆರಿದ್ರೆಯಿಂದ ಆಶ್ಲೇಷದವರೆಗೆ ಅಪ್ಪಯ್ಯನಿಗೆ ಆ ಧರೆಯದ್ದೇ ಯೋಚನೆ. ರಾತ್ರಿ ಊಟ ಆದ ಮೇಲೆ ಕಂಬಳಿಕೊಪ್ಪೆ ಹಾಕಿಕೊಂಡು, ಟಾರ್ಚ್ ಹಿಡಿದು ಮನೆ ಹಿಂದೆ ಒಂದು ಸುತ್ತು ಬರುತ್ತಿದ್ದರು. ಧರೆಯ ತಲೆಯ ಮೇಲೆ ಬಿರುಕು ಬಿಟ್ಟಿದೆಯಾ? ಕೆಳಗೆ ಎದ್ದ ಜಲ ತಿಳಿಯಾಗಿದೆಯಾ, ಕೆಂಪಗಾಗಿದೆಯಾ? ಮೇಲಿನ ಮರ ನೆಟ್ಟಗಿದೆಯಾ? ನಾನು ಚಿಕ್ಕವಳಿದ್ದಾಗ ಜೋರು ಮಳೆ ಬಂದರೆ ಹೆದರಿ ಅಮ್ಮನ ಪಕ್ಕ ಮಲಗುತ್ತಿದ್ದೆ. ಅಪ್ಪಯ್ಯ ಹೇಳುತ್ತಿದ್ದರು, "ಮಳೆ ಹೊಡೀವಾಗ ಅಷ್ಟು ಹೆದರಿಕೆ ಇಲ್ಲ ಮಗಾ. ಹೊಳವಾಗಿ ಬಿಸಿಲು ಬಂದ್ಮೇಲೆ ಧರೆ ನೋಡ್ಕೋಬೇಕು."

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಎಂಟು ದಿನ ಬಿಡದೆ ಹೊಡೆಯಿತು. ಒಂಬತ್ತನೆಯ ದಿನ ಹೊಳವಾಯಿತು. ಒಳ್ಳೆಯ ಬಿಸಿಲು. ಊರಿಗೆ ಊರೇ ಬಟ್ಟೆ ಹರವಿತು. ಅಮ್ಮ ಬಚ್ಚಲಿಗೆ ಬೆಂಕಿ ಹಾಕಲು ಹೊರಟರೆ ಅಪ್ಪಯ್ಯ ಬಿಡಲಿಲ್ಲ. ಬಚ್ಚಲಮನೆ ಧರೆಗೆ ಹತ್ತಿರ ಇತ್ತು. ಮಧ್ಯಾಹ್ನ ಊಟಕ್ಕೆ ಕೂತಿದ್ದೆವು. ಧಡಾರ್ ಅಂತ ಏನೂ ಕೇಳಲಿಲ್ಲ. ಭಾರದ ಮೂಟೆಯನ್ನು ನೆಲದ ಮೇಲೆ ಎಳೆದಂಥ ಸದ್ದು, ಅಷ್ಟೇ. ಹೋಗಿ ನೋಡಿದರೆ ಬಚ್ಚಲಮನೆಯ ಹಿಂದಿನ ಗೋಡೆ ಇರಲಿಲ್ಲ. ಸೌದೆ, ಹಂಡೆ ಎಲ್ಲ ಕೆಂಪು ಮಣ್ಣಿನೊಳಗೆ.

ನೀರು ಮಣ್ಣಿನೊಳಗೆ ಇಳಿಯಲು ಹೊತ್ತು ಬೇಕು. ಮೇಲೆ ಮಳೆ ನಿಂತರೂ ಒಳಗೆ ನೀರು ಇಳಿಯುತ್ತಲೇ ಇರುತ್ತದೆ. ಗಟ್ಟಿ ಪದರ ಸಿಕ್ಕಿದ ಕಡೆ ನಿಂತು, ಮೇಲಿನ ಮಣ್ಣಿನ ಹಿಡಿತ ಬಿಡಿಸುತ್ತದೆ. ಅಪ್ಪಯ್ಯ ಇದನ್ನು ಯಾವ ಪುಸ್ತಕದಲ್ಲೂ ಓದಿರಲಿಲ್ಲ.

ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಎಂದರೆ, ಕೆಲವು ವರ್ಷದ ಹಿಂದೆ ಮೇ ರಜೆಯಲ್ಲಿ ನಾನು ಹಿಮಾಚಲದ ಸಾರ್ ಪಾಸ್‌ಗೆ ಹೋಗಿದ್ದೆ. ಪಾರ್ವತಿ ಕಣಿವೆಯ ಕಸೋಲ್‌ನಿಂದ ಶುರು. ಗ್ರಹಣ್ ಎನ್ನುವ ಹಳ್ಳಿ, ಆಮೇಲೆ ಮಿನ್ ಥಾಚ್, ಆಮೇಲೆ ನಗಾರು. ಮರಗಳೆಲ್ಲ ಕೆಳಗೆ ಉಳಿದು ಹಿಮ ಶುರುವಾಗುವುದು ಆ ಕಡೆಯೇ. ಪಾಸ್, ಅಂದರೆ ಬೆಟ್ಟಸಾಲನ್ನು ದಾಟುವ ಜಾಗ, ಇರುವುದು ಸುಮಾರು 13,800 ಅಡಿ ಎತ್ತರದಲ್ಲಿ. ನಾವು ಹನ್ನೊಂದು ಜನ. ಗೈಡ್ ಆ ಕಣಿವೆಯವರೇ, ಐವತ್ತರ ಆಸುಪಾಸು, ಮಾತು ಕಡಿಮೆ.

ರಾತ್ರಿ ಎರಡು ಗಂಟೆಗೆ ಎಬ್ಬಿಸುತ್ತೇನೆ, ಮೂರಕ್ಕೆ ಹೊರಡಬೇಕು ಎಂದಿದ್ದರು. ಎರಡಕ್ಕೆ ಎದ್ದು ಎಲ್ಲ ಕಟ್ಟಿಕೊಂಡು ಕೂತೆವು. ಅವರು ಟೆಂಟಿನ ಹೊರಗೆ ನಿಂತು ಮೇಲೆ ನೋಡುತ್ತಿದ್ದರು. ಒಂದೇ ಒಂದು ನಕ್ಷತ್ರ ಇರಲಿಲ್ಲ. ಸ್ವಲ್ಪ ದೂರ ಹೋಗಿ ಕೋಲು ಊರಿದರು. ಕೋಲು ಸಲೀಸಾಗಿ ಇಳಿಯಿತು. ಕಾಲಿಟ್ಟರು. ಮೊಣಕಾಲಿನವರೆಗೆ ಹೋಯಿತು. ವಾಪಸ್ ಬಂದು "ಇವತ್ತು ಇಲ್ಲ, ಮಲಗಿ" ಎಂದರು.

ನಮ್ಮಲ್ಲಿ ಕೆಲವರಿಗೆ ಸಿಟ್ಟು ಬಂತು. ವಿಮಾನದ ಟಿಕೆಟ್ ಆಗಿತ್ತು, ರಜೆ ಮುಗಿಯುತ್ತಿತ್ತು. ಬೆಳಗ್ಗೆ ಒಂಬತ್ತಕ್ಕೆ ಮೋಡ ಸರಿದು ಬಿಸಿಲು ಬಂತು ನೋಡಿ, ಆಗ ಸಿಟ್ಟು ಇನ್ನೂ ಜಾಸ್ತಿಯಾಯಿತು. ನೀಲಿ ಆಕಾಶ, ಗಾಳಿ ಇಲ್ಲ, ಪಾಸ್ ಕಣ್ಣೆದುರಿಗೇ. "ಇಷ್ಟು ಒಳ್ಳೆ ಹವೆ ಇದೆ, ಈಗ ಹೋಗೋಣ" ಎಂದು ಎಲ್ಲರೂ ಗಂಟುಬಿದ್ದರು. ನಾನೂ ಕೇಳಿದೆ. ಅವರು ಚಹಾದ ಲೋಟ ಕೆಳಗಿಟ್ಟು ಹಿಂದಿಯಲ್ಲಿ ಹೇಳಿದ್ದು ಇಷ್ಟು: "ರಾತ್ರಿ ಹಿಮ ಗಟ್ಟಿಯಾಗಲಿಲ್ಲ. ಈಗ ಬಿಸಿಲು ಬಂದಿದೆ. ಅದಕ್ಕೇ ಹೋಗಬಾರದು."

ನನಗೆ ಮೈ ಜುಮ್ ಎಂದಿತು. ಅದು ಅಪ್ಪಯ್ಯನ ಮಾತೇ ಆಗಿತ್ತು.

ನಾನು ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಬೋರ್ಡಿನ ಮೇಲೆ ಬರೆದುಕೊಟ್ಟ ಒಂದು ಪಾಠ ಅವತ್ತು ಆ ಟೆಂಟಿನ ಮುಂದೆ ನನಗೆ ಸರಿಯಾಗಿ ಅರ್ಥವಾಯಿತು. ಸೊನ್ನೆ ಡಿಗ್ರಿಯಲ್ಲಿರುವ ಒಂದು ಗ್ರಾಂ ಮಂಜುಗಡ್ಡೆ ಕರಗಿ ಸೊನ್ನೆ ಡಿಗ್ರಿಯ ನೀರಾಗಲು ಸುಮಾರು 80 ಕ್ಯಾಲೊರಿ ಶಾಖ ಬೇಕು. ಉಷ್ಣತೆ ಒಂದಿಷ್ಟೂ ಏರುವುದಿಲ್ಲ, ಎಲ್ಲ ಶಾಖವೂ ಕರಗುವುದಕ್ಕೇ ಹೋಗುತ್ತದೆ. ಜನವರಿಯಲ್ಲಿ ಹಿಮದ ರಾಶಿಯ ಬಹುಪಾಲು ಸೊನ್ನೆಗಿಂತ ಎಷ್ಟೋ ಕೆಳಗಿರುತ್ತದೆ. ಬಿಸಿಲು ಬಿದ್ದರೆ ಮೊದಲು ಆ ಥಂಡಿ ಕಳೆಯಬೇಕು. ಏಪ್ರಿಲ್, ಮೇ ಹೊತ್ತಿಗೆ ಮೇಲಿನಿಂದ ನೆಲದವರೆಗೆ ಇಡೀ ರಾಶಿ ಸೊನ್ನೆಗೆ ಬಂದು ನಿಂತಿರುತ್ತದೆ. ಆಮೇಲೆ ಬೀಳುವ ಬಿಸಿಲೆಲ್ಲ ನೇರವಾಗಿ ನೀರೇ. ಆ ನೀರು ಕಾಳುಗಳ ನಡುವೆ ಜಿನುಗಿ ಕೆಳಗೆ ಇಳಿಯುತ್ತದೆ. ಹಿಮದೊಳಗೂ ಪದರಗಳಿರುತ್ತವೆ. ಒಂದೊಂದು ಸಲ ಬಿದ್ದದ್ದು ಒಂದೊಂದು ಪದರ. ನಡುವೆ ಎಲ್ಲೋ ಗಟ್ಟಿ ಮಂಜುಗಡ್ಡೆಯ ಹಾಳೆ ಇರುತ್ತದೆ, ಇನ್ನೆಲ್ಲೋ ಹರಳು ಸಕ್ಕರೆಯಂತೆ ಒಂದಕ್ಕೊಂದು ಅಂಟದ ಕಾಳುಗಳಿರುತ್ತವೆ. ನೀರು ಅಲ್ಲಿಗೆ ಮುಟ್ಟಿ ನಿಂತಿತು ಎಂದರೆ ಮೇಲಿನದಕ್ಕೆ ಹಿಡಿತ ತಪ್ಪಿತು. ನಮ್ಮ ಧರೆಯಲ್ಲಿ ಎಂಟು ದಿನದ ಮಳೆ ಮಾಡುವ ಕೆಲಸವನ್ನು ಅಲ್ಲಿ ನಾಲ್ಕು ತಾಸಿನ ಬಿಸಿಲು ಮಾಡುತ್ತದೆ.

ಆದರೆ ಧರೆಗೆ ಇಲ್ಲದ ಒಂದು ಅನುಕೂಲ ಹಿಮಕ್ಕಿದೆ. ಅದು ರಾತ್ರಿ ಮತ್ತೆ ಗಟ್ಟಿಯಾಗುತ್ತದೆ. ಹಗಲು ಕರಗಿ, ರಾತ್ರಿ ಹೆಪ್ಪುಗಟ್ಟಿ, ಹೀಗೆ ದಿನಾ ಆಗಿ ಆಗಿ ಮೇಲಿನ ಕಾಳುಗಳು ದುಂಡಗೆ ದಪ್ಪಗಾಗುತ್ತವೆ. ಕೈಯಲ್ಲಿ ಹಿಡಿದರೆ ಸಬ್ಬಕ್ಕಿ ಹಿಡಿದ ಹಾಗೆ. ರಾತ್ರಿ ಇವು ಒಂದಕ್ಕೊಂದು ಅಂಟಿಕೊಂಡು ಹಾಸುಗಲ್ಲಿನಂತಾಗುತ್ತವೆ. ಬೆಳಗಿನ ಜಾವ ಅದರ ಮೇಲೆ ಮನುಷ್ಯರು ಸಾಲಾಗಿ ನಡೆದು ಹೋಗಬಹುದು. ಬಿಸಿಲೇರಿದಂತೆ ಬೆಸುಗೆ ಬಿಡುತ್ತದೆ. ವಸಂತದ ಹಿಮದಲ್ಲಿ ಇಡೀ ಲೆಕ್ಕ ಇರುವುದು ಈ ಗಡಿಯಾರದಲ್ಲಿ.

ಮೋಡ ಯಾಕೆ ಮುಖ್ಯ? ಇದು ನಮ್ಮೂರಿನವರಿಗೆ ಹೇಳಿಕೊಡಬೇಕಾಗಿಲ್ಲ. ಪುಷ್ಯ ಮಾಸದಲ್ಲಿ ಆಕಾಶ ತಿಳಿಯಾಗಿದ್ದ ರಾತ್ರಿ ಚಳಿ ಜಾಸ್ತಿ, ಬೆಳಗ್ಗೆ ಅಂಗಳದ ತುಂಬ ಇಬ್ಬನಿ. ಮೋಡ ಮುಚ್ಚಿದ ರಾತ್ರಿ ಚಳಿಯೇ ಇಲ್ಲ. ನೆಲದ ಶಾಖ ಆಕಾಶಕ್ಕೆ ಹೋಗದಂತೆ ಮೋಡ ಕಂಬಳಿ ಹೊದಿಸುತ್ತದೆ. ಹಿಮದ ಮೇಲೂ ಅದೇ. ಆಕಾಶ ಪೂರ್ತಿ ತೆರೆದಿದ್ದರೆ ಗಾಳಿ ಸೊನ್ನೆಗಿಂತ ಒಂದೆರಡು ಡಿಗ್ರಿ ಮೇಲಿದ್ದರೂ ಹಿಮದ ಮೈ ಹೆಪ್ಪುಗಟ್ಟಬಹುದು. ಮೋಡ ಇದ್ದರೆ ನಿನ್ನೆಯ ನೀರು ಹಾಗೇ ಉಳಿಯಿತು. ಅದರ ಮೇಲೆ ಇವತ್ತಿನ ಬಿಸಿಲು. ಅಂದರೆ ಎರಡು ದಿನದ ಸಾಲ ಒಟ್ಟಿಗೆ. ಗೈಡ್ ಎರಡು ಗಂಟೆಗೆ ಎದ್ದು ನಕ್ಷತ್ರ ಹುಡುಕಿದ್ದು ಇದಕ್ಕೆ.

ಆ ಇಡೀ ದಿನ ನಾವು ಕ್ಯಾಂಪಿನಲ್ಲೇ ಇದ್ದೆವು. ಈಗ ಯೋಚಿಸಿದರೆ ಚಾರಣದಲ್ಲಿ ನಾನು ಹೆಚ್ಚು ಕಲಿತ ದಿನ ಅದೇ. ಹತ್ತು ಗಂಟೆ ಹೊತ್ತಿಗೆ ಪೂರ್ವಕ್ಕೆ ಮುಖ ಮಾಡಿದ ಇಳಿಜಾರಿನಲ್ಲಿ ಬಂಡೆಗಳ ಬುಡದಿಂದ ಸಣ್ಣ ಸಣ್ಣ ಹಿಮದ ಉಂಡೆಗಳು ತಾವಾಗಿ ಕಳಚಿ, ಉರುಳುತ್ತ ದಪ್ಪಗಾಗುತ್ತ ಕೆಳಗೆ ಬರತೊಡಗಿದವು. ಹಿಂದೆ ಒಂದೊಂದು ಗೆರೆ. ನೋಡಲು ಚೆಂದ. ಗೈಡ್ ಬೆರಳು ತೋರಿಸಿ, ಅದು ಮೊದಲ ಸೂಚನೆ ಎಂದರು. ಮಧ್ಯಾಹ್ನವಾದಂತೆ ಅದೇ ಆಟ ದಕ್ಷಿಣದ ಇಳಿಜಾರಿಗೆ, ಆಮೇಲೆ ಪಶ್ಚಿಮಕ್ಕೆ ಸರಿಯಿತು. ಬಿಸಿಲು ಎಲ್ಲಿ ಮೊದಲು ತಾಗುತ್ತದೋ ಅಲ್ಲಿ ಮೊದಲು ಸಡಿಲ. ಮೇಲೆ ಏಣಿನ ತುದಿಯಲ್ಲಿ ಗಾಳಿ ಕಟ್ಟಿದ ಹಿಮ ನಮ್ಮ ಮನೆಯ ಸೂರಿನ ಹಾಗೆ ಹೊರಗೆ ಚಾಚಿಕೊಂಡಿತ್ತು. ಅದರ ಕೆಳಗೆ ಯಾವತ್ತೂ ನಿಲ್ಲಬಾರದು, ಮೇಲಿನಿಂದ ಅದರ ಅಂಚಿಗೂ ಹೋಗಬಾರದು ಎಂದರು. ಕೆಳಗೆ ಕಲ್ಲಿದೆ ಎಂದುಕೊಂಡು ಕಾಲಿಟ್ಟ ಜಾಗದ ಕೆಳಗೆ ಗಾಳಿ ಮಾತ್ರ ಇರುತ್ತದೆ.

ಎಂಥ ಇಳಿಜಾರು ಎಂದೂ ಕೇಳಿದೆ. ಹೆಚ್ಚಿನ ಹಿಮಕುಸಿತ ಶುರುವಾಗುವುದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. ನಮ್ಮ ಹೆಂಚಿನ ಮಾಡು ಹೆಚ್ಚು ಕಡಿಮೆ ಎಷ್ಟು ಇಳಿಜಾರೋ ಅಷ್ಟರಿಂದ ಶುರು, ಅದಕ್ಕಿಂತ ಕಡಿದಾದದ್ದರವರೆಗೆ. ತೀರಾ ಕಡಿದಾದ ಕಡೆ ಹಿಮ ನಿಲ್ಲುವುದೇ ಕಷ್ಟ, ಸ್ವಲ್ಪ ಸ್ವಲ್ಪವೇ ಉದುರಿಹೋಗುತ್ತದೆ. ಮನುಷ್ಯನಿಗೆ ಹತ್ತಿಕೊಂಡು ಹೋಗಬಹುದು ಅನಿಸುವ ಇಳಿಜಾರೇ ಅಪಾಯದ್ದು. ಇನ್ನೊಂದು ವಿಷಯ, ನಾವು ನಡೆಯುವ ಜಾಗ ಸಮತಟ್ಟಾಗಿದ್ದರೂ ಸಾಲದು. ತಲೆ ಎತ್ತಿ ನೋಡಬೇಕು. ಮೇಲೆ ಅಂಥ ಇಳಿಜಾರಿದ್ದರೆ ಅದು ಬಂದು ನಿಲ್ಲುವುದು ನಾವು ಕೂತು ಬಿಸ್ಕತ್ತು ತಿನ್ನುವ ಜಾಗದಲ್ಲೇ.

ಮರುದಿನ ರಾತ್ರಿ ಆಕಾಶದ ತುಂಬ ನಕ್ಷತ್ರ. ನೀರಿನ ಬಾಟಲಿ ಗಡ್ಡೆಕಟ್ಟಿತ್ತು. ಕೋಲು ಊರಿದರೆ ಟಣ್ ಎಂದಿತು. ಮೂರಕ್ಕೆ ಹೊರಟೆವು. ಗೈಡ್ ಮುಂದೆ ಹೋಗುತ್ತ ಬೂಟಿನ ತುದಿಯಿಂದ ಒದ್ದು ಒದ್ದು ಮೆಟ್ಟಿಲು ಮಾಡುತ್ತಿದ್ದರು. ಒಂದು ಅಗಲವಾದ ಇಳಿಜಾರನ್ನು ದಾಟುವಾಗ ಒಬ್ಬೊಬ್ಬರನ್ನೇ ಬಿಟ್ಟರು. ಒಬ್ಬರು ಆಚೆ ಮುಟ್ಟಿದ ಮೇಲೆ ಇನ್ನೊಬ್ಬರು. ಹಿಂದಿನ ದಿನ ಸಿಟ್ಟು ಮಾಡಿಕೊಂಡವರೂ ಅವತ್ತು ಒಂದು ಮಾತಾಡಲಿಲ್ಲ. ಎಂಟು ಗಂಟೆಗೆ ಮೇಲಿದ್ದೆವು. ಹತ್ತೂವರೆ ಹೊತ್ತಿಗೆ ಆ ಕಡೆಯ ಜಾರುಹಾದಿಯಲ್ಲಿ ಕೂತುಕೊಂಡೇ ಜಾರಿ, ಬಿಸ್ಕೇರಿಯ ಹುಲ್ಲುಗಾವಲಿಗೆ ಇಳಿದಾಗಿತ್ತು.

ಒಂದು ಗಂಟೆಯ ಸುಮಾರಿಗೆ ಊಟ ಮಾಡುತ್ತ ಕೂತಿದ್ದಾಗ ಎದುರಿನ ಬೆಟ್ಟದಲ್ಲಿ, ನಮ್ಮ ದಾರಿಯಿಂದ ದೂರದಲ್ಲಿ, ಒಂದು ಇಳಿಜಾರಿನ ಹಿಮ ಜಾರಿ ಹೊರಟಿತು. ಬಿಳಿ ಹೊಗೆ ಏಳುತ್ತದೆ ಎಂದುಕೊಂಡಿದ್ದೆ. ಏಳಲಿಲ್ಲ. ಅದು ಚಳಿಗಾಲದ ಒಣ ಹಿಮದಲ್ಲಿ. ಆ ಹಿಮ ಗಂಟೆಗೆ 200 ಕಿಲೋಮೀಟರ್ ದಾಟಿ ಓಡಬಲ್ಲದು. ಇದು ನಿಧಾನ. ಅನ್ನದ ಗಂಜಿ ಬಾಗಿಸಿದ ಹಾಗೆ ದಪ್ಪಗೆ ಹರಿಯುತ್ತ, ದಾರಿಯಲ್ಲಿ ಸಿಕ್ಕಿದ ಕಲ್ಲು ಮಣ್ಣು ಎಲ್ಲ ಬಾಚಿಕೊಂಡು ಬಂತು. ಹೋದ ಜಾಗದಲ್ಲಿ ಕಂದು ಗೆರೆ ಉಳಿಯಿತು. ಸ್ವಲ್ಪ ಹೊತ್ತಿನ ಮೇಲೆ ಸದ್ದು ಮುಟ್ಟಿತು. ಭಾರದ ಮೂಟೆಯನ್ನು ನೆಲದ ಮೇಲೆ ಎಳೆದ ಸದ್ದು. ನನ್ನ ಕೈಯಲ್ಲಿದ್ದ ತಟ್ಟೆ ನಡುಗಿತು. ನಿಧಾನ ಎಂದೆನಲ್ಲ, ಓಡಿ ತಪ್ಪಿಸಿಕೊಳ್ಳುವಷ್ಟು ನಿಧಾನವಲ್ಲ. ಈಗಷ್ಟೇ ಬಿದ್ದ ಒಣ ಹಿಮ ಒಂದು ಘನ ಮೀಟರಿಗೆ 100 ಕಿಲೋ ಆಸುಪಾಸು ತೂಗಿದರೆ, ಈ ಒದ್ದೆ ಹಿಮ ಅದರ ನಾಲ್ಕೈದು ಪಟ್ಟು.

ನಿಂತ ಮೇಲೆ ಅದು ಸಿಮೆಂಟಿನ ಹಾಗೆ ಬಿಗಿಯುತ್ತದೆ. ಒಳಗೆ ಸಿಕ್ಕಿದವರಿಗೆ ಬೆರಳು ಅಲ್ಲಾಡಿಸಲೂ ಆಗುವುದಿಲ್ಲ. ಮೊದಲ ಹತ್ತು ನಿಮಿಷದಲ್ಲಿ ಹೊರಗೆ ತೆಗೆದರೆ ಹೆಚ್ಚಿನವರು ಬದುಕುತ್ತಾರೆ. ಅರ್ಧ ಗಂಟೆ ದಾಟಿದರೆ ಬದುಕುವವರು ಕಡಿಮೆ. ಹೆಲಿಕಾಪ್ಟರ್ ಅಷ್ಟರೊಳಗೆ ಬರುವುದಿಲ್ಲ. ತೆಗೆಯಬೇಕಾದವರು ಜೊತೆಯಲ್ಲಿದ್ದವರೇ. ಅದಕ್ಕೆಂದು ಪರ್ವತಾರೋಹಿಗಳು ಎದೆಗೆ ಕಟ್ಟಿಕೊಳ್ಳುವ ಸಣ್ಣ ರೇಡಿಯೊ ಉಪಕರಣವಿದೆ, ಜಗತ್ತಿನಲ್ಲೆಲ್ಲ 457 ಕಿಲೋಹರ್ಟ್ಜ್‌ನಲ್ಲೇ ಕೆಲಸ ಮಾಡುವಂಥದ್ದು. ಹಿಮದೊಳಗೆ ಚುಚ್ಚಿ ನೋಡುವ ಉದ್ದ ಸರಳು ಮತ್ತು ಸಲಿಕೆ ಜೊತೆಗಿರಬೇಕು. ಮೂರರಲ್ಲಿ ಒಂದಿಲ್ಲದಿದ್ದರೂ ಉಳಿದೆರಡು ಸಾಲುವುದಿಲ್ಲ. ನಮ್ಮ ಹನ್ನೊಂದು ಜನರಲ್ಲಿ ಯಾರ ಹತ್ತಿರವೂ ಅವು ಇರಲಿಲ್ಲ. ನಮ್ಮನ್ನು ಕಾಪಾಡಿದ್ದು ಆ ಮನುಷ್ಯ ಆಕಾಶ ನೋಡಿದ್ದು.

2023ರ ಏಪ್ರಿಲ್ 4ರಂದು ಸಿಕ್ಕಿಂನ ನಾಥು ಲಾ ರಸ್ತೆಯಲ್ಲಿ ಹಿಮಕುಸಿತವಾಗಿ 7 ಜನ ಪ್ರವಾಸಿಗರು ತೀರಿಕೊಂಡರು. ಗ್ಯಾಂಗ್‌ಟಾಕ್‌ನಿಂದ ಕಾರಿನಲ್ಲಿ ಹಿಮ ನೋಡಲು ಬಂದವರು, ಹಾಡುಹಗಲಿನ ಹೊತ್ತು. ಚಳಿಗಾಲದ್ದು ಬೇರೆ ಥರ. 2025ರ ಫೆಬ್ರವರಿ 28ರಂದು ಬದರಿನಾಥದ ಹತ್ತಿರದ ಮಾಣಾದಲ್ಲಿ ರಸ್ತೆ ಕೆಲಸದ ಕ್ಯಾಂಪಿನ ಮೇಲೆ ಹಿಮ ಜಾರಿ 54 ಕಾರ್ಮಿಕರು ಸಿಕ್ಕಿಬಿದ್ದರು. 46 ಜನ ಉಳಿದರು, 8 ಜನ ಉಳಿಯಲಿಲ್ಲ. ಅದು ಒಂದೇ ಸಮನೆ ಹಿಮ ಬೀಳುತ್ತಿದ್ದಾಗ ಆದದ್ದು. ಹೊಸ ಹಿಮದ ಭಾರಕ್ಕೆ ಹಳೆಯ ಪದರ ಸೋಲುವುದು ಆಗ. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರ ತಾಲ್‌ಗೆ ಹೋದ, ಹೆಚ್ಚಿನವರು ನಮ್ಮ ರಾಜ್ಯದವರೇ ಇದ್ದ 22 ಜನರ ಗುಂಪಿನಲ್ಲಿ 9 ಜನ ಹಿಮಗಾಳಿಗೆ ಸಿಕ್ಕಿ ತೀರಿಕೊಂಡದ್ದನ್ನು ನಾವ್ಯಾರೂ ಮರೆತಿಲ್ಲ. ಆಮೇಲೆ ಇಲ್ಲಿನ ಅಪ್ಪ ಅಮ್ಮಂದಿರಿಗೆಲ್ಲ ಗಾಳಿ ಮಳೆಯ ಭಯ ಬಂದಿದೆ. ಬರಬೇಕು ಕೂಡ. ಆದರೆ ಬಿಸಿಲಿಗೆ ಯಾರೂ ಹೆದರುವುದಿಲ್ಲ. ಫೋನಿನಲ್ಲಿ ಸೂರ್ಯನ ಚಿತ್ರ ಬಂದರೆ ಮನೆಯವರು ನೆಮ್ಮದಿಯಾಗಿ ಮಲಗುತ್ತಾರೆ. ನನಗೆ ಸಂಕಟ ಆಗುವುದು ಅಲ್ಲಿ.

ಚಂಡೀಗಢದಲ್ಲಿ, ದೇಶದ ರಕ್ಷಣಾ ಸಂಶೋಧನೆ ನೋಡಿಕೊಳ್ಳುವ ಡಿಆರ್‌ಡಿಒದ ಡಿಜಿಆರ್‌ಇ ಎಂಬ ಸಂಸ್ಥೆ ಇದೆ. ಮೊದಲು ಅದಕ್ಕೆ ಸಾಸೆ ಎನ್ನುತ್ತಿದ್ದರು. ಹಿಮಾಲಯದ ಹಿಮಕುಸಿತದ ಮುನ್ಸೂಚನೆ ಕೊಡುವುದು ಅವರು. ಹೊರಡುವ ಮೊದಲು ಅದನ್ನು ನೋಡಬೇಕು. ಆದರೆ ಆ ಸೂಚನೆ ಒಂದು ಜಿಲ್ಲೆಗೋ ಒಂದು ಕಣಿವೆಗೋ ಹೇಳುವಂಥದ್ದು. ನಮ್ಮ ಕಾಲಡಿಯ ಇಳಿಜಾರಿಗೆ ಅಲ್ಲಿ ನಿಂತವರೇ ಕಣ್ಣು ಬಿಡಬೇಕು. ಕಾಲು ಪಾದದವರೆಗೆ ಹೂಳುತ್ತಿದೆಯಾ, ಅದಕ್ಕಿಂತ ಮೇಲಕ್ಕಾ? ಉಂಡೆಗಳು ಉರುಳುತ್ತಿವೆಯಾ? ಕಾಲಿಟ್ಟಾಗ ಒಳಗಿನಿಂದ ಧೊಪ್ ಎಂದು ಏನೋ ಕೂತ ಸದ್ದು ಬಂತಾ? ಧೊಪ್ ಎಂದರೆ ಮೇಲಿನ ಪದರ ಕೆಳಗಿನದರ ಮೇಲೆ ಕುಸಿದು ಕೂತಿತು ಎಂದು. ಆಗ ಮುಂದಿನ ಹೆಜ್ಜೆ ಹಿಂದಕ್ಕೇ.

ಊರಿಗೆ ಬಂದ ಮೇಲೆ ಅಪ್ಪಯ್ಯನಿಗೆ ಮೊಬೈಲಿನಲ್ಲಿ ಫೋಟೋ ತೋರಿಸಿದೆ. ಅವರಿಗೆ ಈಗ ಎಂಬತ್ತು ದಾಟಿದೆ. ಜಾರಿದ ಆ ಬೆಟ್ಟದ ಫೋಟೋವನ್ನು ಬಹಳ ಹೊತ್ತು ನೋಡಿದರು. ದೊಡ್ಡದು ಮಾಡಿ ತೋರಿಸು ಎಂದರು. ಆಮೇಲೆ ಕೇಳಿದರು, "ಅಕ್ಕಪಕ್ಕ ಮರ ಇದೆ. ಈ ಪಟ್ಟಿಯಲ್ಲಿ ಮಾತ್ರ ಒಂದೂ ಇಲ್ವಲ್ಲ?" ನಾನು ಗಮನಿಸಿಯೇ ಇರಲಿಲ್ಲ. ಫೋಟೋದ ಕೆಳಭಾಗದಲ್ಲಿ ಎರಡೂ ಕಡೆ ಕಪ್ಪು ಕಾಡು, ನಡುವೆ ಬೋಳು ಓಣಿ. ಅದರ ಅಂಚಿನ ಮರಗಳು ಕೆಳಮುಖವಾಗಿ ಬಾಗಿದ್ದವು. ವರ್ಷಾ ವರ್ಷಾ ಅದೇ ದಾರಿಯಲ್ಲಿ ಬರುತ್ತಿದೆ ಎಂದು ಆ ಓಣಿಯೇ ಹೇಳುತ್ತಿತ್ತು. "ಮನೆ ಕಟ್ಟುವಾಗ ನಮ್ಮಪ್ಪ ಮೊದಲು ನೋಡಿದ್ದೂ ಇದನ್ನೇ. ಎಲ್ಲಿ ಹಳೇ ಮರ ನೆಟ್ಟಗಿದೆ ಅಂತ" ಎಂದರು.

ನಿನ್ನೆ ಸಂಜೆ ಆ ಹುಡುಗನಿಗೆ ನಾನೇ ಫೋನ್ ಮಾಡಿದೆ. ಶೂ ಆರ್ಡರ್ ಮಾಡಿದ್ದೀನಿ ಮೇಡಂ ಎಂದ. ಅದಿರಲಿ, ಪಾಸ್ ದಾಟುವ ದಿನ ಎಷ್ಟು ಗಂಟೆಗೆ ಹೊರಡಿಸುತ್ತಾರೆ ಎಂದು ಕೇಳಿದ್ದೀಯಾ ಎಂದೆ. ಇಲ್ಲ ಎಂದ. ಮೋಡ ಮುಚ್ಚಿದ ರಾತ್ರಿಗೆಂದು ಒಂದು ದಿನ ಹೆಚ್ಚಿಗೆ ಇಟ್ಟುಕೊಂಡಿದ್ದಾರಾ? ಅದೂ ಗೊತ್ತಿರಲಿಲ್ಲ. ವಾಪಸ್ ಬರುವ ಟಿಕೆಟ್ ಮರುದಿನಕ್ಕೇ ಆಗಿತ್ತು. ಇದನ್ನೆಲ್ಲ ನಿಧಾನವಾಗಿ ಹೇಳಿದೆ, ಧರೆಯ ಕತೆಯನ್ನೂ ಸೇರಿಸಿ. ಅವನು ಸುಮ್ನೆ ಕೇಳಿಸಿಕೊಂಡ. ಅವನ ಊರು ಹೊಸನಗರದ ಕಡೆ, ಅವನ ಮನೆ ಹಿಂದೆಯೂ ಧರೆ ಇದೆ.

ರಾತ್ರಿ ಹತ್ತಕ್ಕೆ ಮೆಸೇಜ್ ಬಂತು. ಟಿಕೆಟ್ ಎರಡು ದಿನ ಮುಂದಕ್ಕೆ ಹಾಕಿಸಿದ್ದಾನೆ.